ತಾರೆಯ ಮನೆಯ ಜಗಳ, ಅಡಿಕೆ ಚಪ್ಪರದ ತೀರ್ಪು

2011ರ ಸೆಪ್ಟೆಂಬರ್‌ನಲ್ಲಿ ಪತ್ನಿ ವಿಜಯಲಕ್ಷ್ಮಿ ಅವರು ನೀಡಿದ ಹಲ್ಲೆಯ ದೂರಿನ ಮೇಲೆ ನಟ ದರ್ಶನ್ ಬಂಧನಕ್ಕೊಳಗಾಗಿ ಪರಪ್ಪನ ಅಗ್ರಹಾರದ ಜೈಲು ಸೇರಿದಾಗ, ಕನ್ನಡ ಚಿತ್ರ ನಿರ್ಮಾಪಕರ ಸಂಘ ಯಾರ ಮೇಲೆ ಕ್ರಮ ಕೈಗೊಂಡಿತೆಂಬುದನ್ನು ಆ ಕಾಲವನ್ನು ಕಂಡಿರದ ಇಂದಿನ ಹುಡುಗರಿಗೆ ಹೇಳಿದರೆ ಅವರು ನಂಬುವುದಿಲ್ಲ. ಸಂಘ ನಿಷೇಧ ಹೇರಿದ್ದು ನಟಿ ನಿಕಿತಾ ತುಕ್ರಾಲ್ ಅವರ ಮೇಲೆ, ಅದೂ ಮೂರು ವರ್ಷಗಳ ಅವಧಿಗೆ. ದೂರು ಕೊಟ್ಟವರು ಒಬ್ಬರು, ಆರೋಪ ಹೊತ್ತವರು ಇನ್ನೊಬ್ಬರು, ಶಿಕ್ಷೆ ಮಾತ್ರ ಮೂರನೆಯವರಿಗೆ. ಆ ದಾಂಪತ್ಯ ಕೆಡಲು ಆಕೆಯೇ ಕಾರಣ ಎಂಬುದು ಅದಕ್ಕೆ ಕೊಟ್ಟ ಸಮರ್ಥನೆ. ಎಲ್ಲೆಡೆಯಿಂದ ಟೀಕೆ ಬಂದ ಮೇಲೆ ಕೆಲವೇ ದಿನಗಳಲ್ಲಿ ನಿಷೇಧವನ್ನು ಹಿಂತೆಗೆದುಕೊಳ್ಳಲಾಯಿತು. ಅದೇ ತಿಂಗಳ 30ರಂದು, ನಾಯಕನಟ ಇನ್ನೂ ಜೈಲಿನಲ್ಲಿರುವಾಗಲೇ, ‘ಸಾರಥಿ’ ತೆರೆಗೆ ಬಂದು ರಾಜ್ಯದುದ್ದಕ್ಕೂ ಚಿತ್ರಮಂದಿರಗಳನ್ನು ತುಂಬಿಸಿತು. ಅಕ್ಟೋಬರ್‌ನಲ್ಲಿ ಜಾಮೀನು ದೊರೆಯಿತು, ಪತ್ನಿ ಆರೋಪದಿಂದ ಹಿಂದೆ ಸರಿದರು, ದಂಪತಿ ಮತ್ತೆ ಒಂದಾದರು.

ಆ ಮನೆಯೊಳಗೆ ನಿಜವಾಗಿ ನಡೆದದ್ದೇನು ಎಂಬುದು ಈ ಬರಹದ ವಿಷಯವಲ್ಲ; ಹೊರಗಿನ ನಮಗೆ ಅದು ತಿಳಿಯುವ ದಾರಿಯೂ ಇಲ್ಲ. ಮನೆಯ ಹೊರಗೆ ನಡೆದದ್ದು ಮಾತ್ರ ಎಲ್ಲರ ಕಣ್ಣೆದುರು ನಡೆದಿದೆ, ಮತ್ತು ನನ್ನ ದೃಷ್ಟಿಯಲ್ಲಿ ಅದರ ಪರಿಣಾಮ ಆ ದಂಪತಿಯ ಬದುಕನ್ನು ಮೀರಿ ಹರಡಿದೆ. ಪ್ರಸಿದ್ಧರ ದಾಂಪತ್ಯದ ಹಿಂಸೆಯ ಸುದ್ದಿ ಬಂದಾಗಲೆಲ್ಲ ಶಿವಮೊಗ್ಗದ ಗೋಪಿ ವೃತ್ತದ ಹೋಟೆಲಿನಲ್ಲಿ, ತೀರ್ಥಹಳ್ಳಿಗೆ ಹೊರಟ ಬಸ್ಸಿನಲ್ಲಿ, ಮನೆಮಂದಿಯ ವಾಟ್ಸ್‌ಆ್ಯಪ್ ಗುಂಪಿನಲ್ಲಿ ನಾವು ಆಡುವ ಮಾತು ಆ ತಾರೆಯ ಕಿವಿಗೆ ಎಂದೂ ಬೀಳುವುದಿಲ್ಲ. ಅದು ಬೀಳುವುದು ಪಕ್ಕದಲ್ಲೇ ಕುಳಿತವಳ ಕಿವಿಗೆ. ಆಕೆ ತನ್ನ ಮನೆಯ ವಿಚಾರವನ್ನು ಯಾರಿಗಾದರೂ ಹೇಳಬೇಕೇ ಬೇಡವೇ ಎಂದು ತಿಂಗಳುಗಟ್ಟಲೆ ತೂಗಿ ನೋಡುತ್ತಿರುವವಳಾಗಿರಬಹುದು; ಹೇಳಿದರೆ ತನಗೆ ಸಿಗುವ ಉತ್ತರ ಯಾವುದೆಂಬುದು ನಟನೊಬ್ಬನ ಹೆಂಡತಿಯ ಬಗ್ಗೆ ನಾವಾಡಿದ ಮಾತಿನಿಂದಲೇ ಆಕೆಗೆ ಮುಂಚಿತವಾಗಿ ತಿಳಿದುಬಿಡುತ್ತದೆ.

ಮಲೆನಾಡಿನಲ್ಲಿ ಈ ಮಾತುಕತೆ ನಡೆಯುವ ಒಂದು ಜಾಗ ಅಡಿಕೆ ಸುಲಿಯುವ ಚಪ್ಪರ. ಸುಗ್ಗಿಯ ತಿಂಗಳುಗಳಲ್ಲಿ ಕೊನೆ ಕೊಯ್ದು ತಂದ ಮೇಲೆ, ಸುಲಿಯುವ ಯಂತ್ರಗಳು ಬಂದಿರುವ ಈ ದಿನಗಳಲ್ಲೂ, ತೀರ್ಥಹಳ್ಳಿ, ಹೊಸನಗರ, ಸಾಗರ ಸೀಮೆಯ ಅನೇಕ ಮನೆಗಳಲ್ಲಿ ಹೆಂಗಸರು ಸಾಲಾಗಿ ಕುಳಿತು ರಾತ್ರಿಯವರೆಗೂ ಸುಲಿಯುತ್ತಾರೆ. ಕೈ ತನ್ನ ಪಾಡಿಗೆ ಕೆಲಸ ಮಾಡುತ್ತದೆ, ಬಾಯಿಗೆ ಬಿಡುವು. ಧಾರಾವಾಹಿ, ಮದುವೆ, ಧಾರಣೆ, ಕೊಳೆರೋಗ ಎಲ್ಲ ಮುಗಿದ ಮೇಲೆ ಮಾತು ಸಿನಿಮಾ ಮಂದಿಯ ಕಡೆಗೆ ತಿರುಗುತ್ತದೆ. ‘ಎಂತ ಮಾಡಿದ್ಲೋ ಯಾರಿಗೆ ಗೊತ್ತು ಮಾರಾಯ್ತಿ, ಸುಮ್ಮನೆ ಹೊಡೀತಾನಾ?’ ಎಂದು ಒಬ್ಬರು ಹೇಳಿದರೆ, ‘ಎರಡು ಕೈ ಸೇರಿದ್ರೆ ತಾನೆ ಚಪ್ಪಾಳೆ’ ಎಂದು ಇನ್ನೊಬ್ಬರು ಸೇರಿಸುತ್ತಾರೆ. ಹಿರಿಯರೊಬ್ಬರು ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎಂಬ ಗಾದೆಯೊಂದಿಗೆ ವಿಷಯವನ್ನು ಮುಗಿಸುತ್ತಾರೆ. ಇವರಲ್ಲಿ ಯಾರೂ ಕೆಟ್ಟವರಲ್ಲ; ಪಕ್ಕದ ಮನೆಯಲ್ಲಿ ಬಾಣಂತಿಗೆ ಕಷ್ಟವೆಂದರೆ ರಾತ್ರಿ ಬ್ಯಾಟರಿ ಹಿಡಿದು ಓಡುವವರೇ. ಆದರೂ ಅದೇ ಸಾಲಿನಲ್ಲಿ ತಲೆ ತಗ್ಗಿಸಿ ಸುಲಿಯುತ್ತಿರುವ ಸೊಸೆಯೊಬ್ಬಳಿಗೆ ಆ ಮೂರು ಮಾತುಗಳು ಮೂರು ಉತ್ತರಗಳಾಗಿ ಕೇಳಿಸುತ್ತವೆ.

ಹಾಗೆ ಕೇಳಿಸಿಕೊಳ್ಳುವವರ ಸಂಖ್ಯೆ ಸಣ್ಣದಲ್ಲ. 2019–21ರ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ಕರ್ನಾಟಕದಲ್ಲಿ ಮದುವೆಯಾದ 18ರಿಂದ 49 ವರ್ಷದ ಮಹಿಳೆಯರಲ್ಲಿ ಶೇ 44.4ರಷ್ಟು ಮಂದಿ ಗಂಡನಿಂದ ಹಿಂಸೆ ಅನುಭವಿಸಿದ್ದಾಗಿ ಹೇಳಿದ್ದಾರೆ. ದೇಶದ ಸರಾಸರಿ ಶೇ 29.3, ರಾಜ್ಯಗಳ ಪೈಕಿ ನಮ್ಮದೇ ಅತಿ ಹೆಚ್ಚು. ಅದರ ಹಿಂದಿನ, ಅಂದರೆ 2015–16ರ ಸಮೀಕ್ಷೆಯಲ್ಲಿ ಕರ್ನಾಟಕದ ಅಂಕಿ ಶೇ 20.6 ಇತ್ತು. ನಾಲ್ಕೈದು ವರ್ಷಗಳಲ್ಲಿ ಹೊಡೆಯುವ ಗಂಡಂದಿರು ಇಮ್ಮಡಿಯಾದರೆಂದು ಇದರಿಂದ ತೀರ್ಮಾನಿಸುವುದು ಅವಸರವಾದೀತು, ಏಕೆಂದರೆ ಸಮೀಕ್ಷೆಗೆ ಬಂದವರ ಮುಂದೆ ಬಾಯಿ ಬಿಡುವ ಧೈರ್ಯವೂ ಕಾಲಕ್ಕೆ ತಕ್ಕಂತೆ ಬದಲಾಗುತ್ತದೆ. ಅದೇ ಸಮೀಕ್ಷೆಯ ಇನ್ನೊಂದು ಪ್ರಶ್ನೆ ನನ್ನನ್ನು ಹೆಚ್ಚು ಕಾಡಿದೆ. ಹೇಳದೆ ಹೊರಗೆ ಹೋದರೆ, ಮಕ್ಕಳನ್ನು ಕಡೆಗಣಿಸಿದರೆ, ಎದುರು ವಾದಿಸಿದರೆ, ಅಡುಗೆ ಸರಿಯಾಗಿ ಮಾಡದಿದ್ದರೆ, ಅತ್ತೆ ಮಾವಂದಿರಿಗೆ ಅಗೌರವ ತೋರಿದರೆ ಎಂದು ಏಳು ಸಂದರ್ಭಗಳನ್ನು ಮುಂದಿಟ್ಟು, ಇವುಗಳಲ್ಲಿ ಯಾವುದಕ್ಕಾದರೂ ಗಂಡ ಹೊಡೆಯುವುದು ಸರಿಯೇ ಎಂದು ಕೇಳಿದಾಗ, ಕರ್ನಾಟಕದ ಮಹಿಳೆಯರಲ್ಲಿ ಶೇ 76.9 ಮತ್ತು ಪುರುಷರಲ್ಲಿ ಶೇ 81.9ರಷ್ಟು ಮಂದಿ ಒಂದಲ್ಲ ಒಂದಕ್ಕೆ ಹೌದೆಂದಿದ್ದಾರೆ.

ಈ ಎರಡು ಅಂಕಿಗಳನ್ನು ಪಕ್ಕಪಕ್ಕ ಇಟ್ಟರೆ ತಾರೆಯ ಸುದ್ದಿಗೆ ನಮ್ಮ ಮೊದಲ ಪ್ರಶ್ನೆ ‘ಆಕೆ ಏನು ಮಾಡಿದ್ದಳು’ ಎಂದೇ ಏಕಿರುತ್ತದೆ ಎಂಬುದು ಅರ್ಥವಾಗುತ್ತದೆ. ಕಾರಣ ಸಿಕ್ಕರೆ ಹೊಡೆತ ಒಪ್ಪಿತವಾಗುವ ಸಮಾಜದಲ್ಲಿ ಕಾರಣ ಹುಡುಕುವುದು ಸಹಜವಾಗಿಯೇ ಮೊದಲ ಕೆಲಸ. ಇದು ನಮ್ಮೊಬ್ಬರ ಕಾಯಿಲೆಯೇನೂ ಅಲ್ಲ. 2009ರ ಫೆಬ್ರುವರಿಯಲ್ಲಿ ಬಾರ್ಬಡೋಸ್ ಮೂಲದ ಗಾಯಕಿ ರಿಹಾನಾ ಮೇಲೆ ಆಕೆಯ ಗೆಳೆಯ, ಗಾಯಕ ಕ್ರಿಸ್ ಬ್ರೌನ್ ಹಲ್ಲೆ ಮಾಡಿದಾಗ, ಬಾಸ್ಟನ್ ನಗರದ ಸಾರ್ವಜನಿಕ ಆರೋಗ್ಯ ಆಯೋಗ ಹದಿಹರೆಯದ 200 ಮಂದಿಯನ್ನು ವಿಚಾರಿಸಿತು. ಆದದ್ದಕ್ಕೆ ರಿಹಾನಾ ಅವರೇ ಹೊಣೆ ಎಂದವರು ಶೇ 46. ಅದೇ ತಿಂಗಳು ಆಕೆಯ ಊದಿದ ಮುಖದ ಚಿತ್ರ ಸೋರಿಕೆಯಾಗಿ ಜಗತ್ತೆಲ್ಲ ನೋಡಿತು. ಬ್ರೌನ್ ಅದೇ ವರ್ಷ ಜೂನ್‌ನಲ್ಲಿ ತಪ್ಪೊಪ್ಪಿಕೊಂಡರು. ಅರ್ಧಕ್ಕೆ ಸಮೀಪದಷ್ಟು ಎಳೆಯರು ಗಾಯವನ್ನು ಬಿಟ್ಟು ಕಾರಣವನ್ನು ಹುಡುಕಿದರು.

ನಮ್ಮಲ್ಲಿ ಇದಕ್ಕೆ ಇನ್ನೊಂದು ಪದರವಿದೆ. ಕನ್ನಡದ ಅಭಿಮಾನಿ ತನ್ನ ನಟನನ್ನು ಹೊರಗಿನವನಂತೆ ಕಾಣುವುದಿಲ್ಲ. ಅವನು ‘ಅಣ್ಣ’ ಅಥವಾ ‘ಬಾಸ್’, ಅವನ ಹೆಂಡತಿ ‘ಅತ್ತಿಗೆ’. ಶಿವಮೊಗ್ಗದ ಆಟೋಗಳ ಹಿಂಬದಿಯ ಗಾಜಿನಲ್ಲಿ, ಗಣಪತಿ ಪೆಂಡಾಲಿನ ಪಕ್ಕದ ಫ್ಲೆಕ್ಸ್‌ನಲ್ಲಿ, ಬಿಡುಗಡೆಯ ದಿನ ಕಟೌಟಿಗೆ ಸುರಿಯುವ ಹಾಲಿನಲ್ಲಿ ಈ ನೆಂಟಸ್ತಿಕೆ ಎದ್ದು ಕಾಣುತ್ತದೆ. ಅದರಲ್ಲಿ ನಿಜವಾದ ಪ್ರೀತಿಯಿದೆ, ಕೂಲಿ ಮಾಡಿದ ದುಡ್ಡಿನಿಂದ ರಕ್ತದಾನ ಶಿಬಿರ ನಡೆಸುವ ಹುಡುಗರಿದ್ದಾರೆ, ಅವರನ್ನು ಹೀಗಳೆಯುವ ಬುದ್ಧಿವಂತಿಕೆ ನನಗೆ ಇಷ್ಟವಿಲ್ಲ. ಆದರೆ ನೆಂಟಸ್ತಿಕೆ ಒಮ್ಮೆ ಕುದುರಿದ ಮೇಲೆ, ಹೆಂಡತಿ ದೂರು ಕೊಟ್ಟ ದಿನ ಅಭಿಮಾನಿ ಬಳಗ ಒಂದು ದೊಡ್ಡ ಗಂಡನ ಮನೆಯಾಗಿ ನಿಲ್ಲುತ್ತದೆ. ಅವಿಭಕ್ತ ಕುಟುಂಬದಲ್ಲಿ ಸೊಸೆ ಮಾತನಾಡಿದಾಗ ಮೈದುನ, ನಾದಿನಿ, ದೊಡ್ಡತ್ತೆ, ಚಿಕ್ಕಮಾವ ಏನೇನು ಹೇಳುತ್ತಾರೋ ಅದನ್ನೇ ಸಾವಿರಾರು ಜನ ಹೇಳುತ್ತಾರೆ: ಮನೆ ಮಾನ ಬೀದಿಗೆ ತಂದಳು, ಯಾರೋ ತಲೆ ಕೆಡಿಸಿದ್ದಾರೆ, ಹಿರಿಯರ ಹತ್ತಿರ ಹೇಳಬಹುದಿತ್ತಲ್ಲ. ಅತ್ತಿಗೆ ಎಂದು ಕರೆಸಿಕೊಂಡವಳಿಗೆ ಆ ಪದವಿ ಸಿಕ್ಕಿದ್ದು ಅಣ್ಣನ ಮೂಲಕ. ಅಣ್ಣನ ವಿರುದ್ಧ ನಿಂತೊಡನೆ ಅದು ಕಳಚಿ ಬೀಳುತ್ತದೆ. ರಾಜಿಯಾಗಿ ಮರಳಿದರೆ ಮತ್ತೆ ಅತ್ತಿಗೆಯೇ, ಈ ಸಲ ‘ಎಷ್ಟು ಸಹನೆ’ ಎಂಬ ಹೊಗಳಿಕೆಯೊಡನೆ.

ನಿಕಿತಾ ಪ್ರಕರಣಕ್ಕೂ ಇಲ್ಲೇ ವಿವರಣೆ ಸಿಗುತ್ತದೆ. ಅಣ್ಣನನ್ನು ದೂರುವಂತಿಲ್ಲ, ಗಾಯಗೊಂಡ ಅತ್ತಿಗೆಯನ್ನು ಪೂರ್ತಿ ದೂರುವುದಕ್ಕೂ ಮನಸ್ಸೊಪ್ಪುವುದಿಲ್ಲ. ಆಗ ಕುಟುಂಬಕ್ಕೆ ಹೊರಗಿನ ಹೆಂಗಸೊಬ್ಬಳು ಬೇಕಾಗುತ್ತದೆ. ಉದ್ಯಮದ ಸಂಘಟನೆಯೊಂದು ಮಾಡಿದ್ದನ್ನು ಊರಿನ ಪಂಚಾಯ್ತಿ ಕಟ್ಟೆಯೂ ಮಾಡುತ್ತದೆ. ಗಂಡ ಹೊಡೆದನೆಂಬ ದೂರನ್ನು ಗಂಡನ ಸಹವಾಸದ ವಿಚಾರಣೆಯನ್ನಾಗಿ ತಿರುಗಿಸಿ, ಅವಳ ಸಹವಾಸ ಬಿಡಿಸಿದರೆ ಎಲ್ಲ ಸರಿಯಾಗುತ್ತದೆಂದು ತೀರ್ಮಾನಿಸಿ, ಹೆಂಡತಿಯನ್ನು ಅದೇ ಮನೆಗೆ ಕಳಿಸಿಕೊಡುವುದು. ಹೊಡೆದ ಕೈಯ ಬಗ್ಗೆ ಇಡೀ ಕಲಾಪದಲ್ಲಿ ಮಾತೇ ಬರುವುದಿಲ್ಲ.

ಅಭಿಮಾನದ ಹೆಸರಿನ ಈ ಬಲವನ್ನು ದೂರುದಾರಳಲ್ಲದ ಹೆಂಗಸರೂ ಅನುಭವಿಸಿದ್ದಾರೆ. 2025ರ ಜುಲೈನಲ್ಲಿ ನಟಿ ರಮ್ಯಾ ಅವರು, ದರ್ಶನ್ ಆರೋಪಿಯಾಗಿರುವ ರೇಣುಕಸ್ವಾಮಿ ಕೊಲೆ ಪ್ರಕರಣದ ಬಗ್ಗೆ ಸುಪ್ರೀಂ ಕೋರ್ಟ್‌ನಲ್ಲಿ ನಡೆದ ವಿಚಾರಣೆಯ ಸುದ್ದಿಯನ್ನು ಹಂಚಿಕೊಂಡಾಗ, ಅವರಿಗೆ ಅಶ್ಲೀಲ ಸಂದೇಶ ಮತ್ತು ಬೆದರಿಕೆಗಳ ಮಳೆಯೇ ಸುರಿಯಿತು. ಅವರು ಬೆಂಗಳೂರು ಪೊಲೀಸರಿಗೆ ದೂರು ಕೊಟ್ಟ ಮೇಲೆ ಬಂಧನಗಳೂ ಆದವು. ಅದು ಕೌಟುಂಬಿಕ ಹಿಂಸೆಯ ಪ್ರಕರಣವಲ್ಲ, ಆ ಕೊಲೆ ಪ್ರಕರಣದ ತೀರ್ಮಾನ ನ್ಯಾಯಾಲಯಕ್ಕೆ ಬಿಟ್ಟದ್ದು. ಮಾಜಿ ಸಂಸದೆಯೂ ಜನಪ್ರಿಯ ನಟಿಯೂ ಆದವರಿಗೆ ಒಂದು ಸುದ್ದಿ ಹಂಚಿಕೊಂಡದ್ದಕ್ಕೆ ಹೀಗಾಗುವುದಾದರೆ, ಹೊಸನಗರದ ಹಳ್ಳಿಯೊಂದರ ಸೊಸೆ ತನ್ನ ಸ್ವಂತ ಗಂಡನ ಬಗ್ಗೆ ಬಾಯಿ ತೆರೆದರೆ ಏನಾದೀತು ಎಂಬ ಲೆಕ್ಕ ಹಾಕಲು ಆಕೆಗೆ ಯಾರ ಸಹಾಯವೂ ಬೇಡ.

ಇನ್ನು, ಎಲ್ಲ ಪ್ರಕರಣಗಳಲ್ಲೂ ತಪ್ಪದೆ ಬರುವ ಪ್ರಶ್ನೆ: ‘ಇಷ್ಟು ವರ್ಷ ಸುಮ್ಮನಿದ್ದು ಈಗ್ಯಾಕೆ?’ 2014ರಲ್ಲಿ ಅಮೆರಿಕದ ಫುಟ್‌ಬಾಲ್ ಆಟಗಾರ ರೇ ರೈಸ್ ಲಿಫ್ಟ್‌ನೊಳಗೆ ತನ್ನ ಭಾವಿ ಪತ್ನಿಗೆ ಗುದ್ದಿ ಬೀಳಿಸಿದ ದೃಶ್ಯ ಹೊರಬಿದ್ದಾಗ, ಅಲ್ಲಿನ ಜನ ಕೇಳಿದ್ದೂ ಇದನ್ನೇ: ಆ ಮೇಲೂ ಆಕೆ ಅವನನ್ನೇ ಏಕೆ ಮದುವೆಯಾದಳು? ಅದಕ್ಕೆ ಉತ್ತರವಾಗಿ ಬೆವರ್ಲಿ ಗುಡನ್ ಎಂಬ ಲೇಖಕಿ, ತಾನೇಕೆ ಉಳಿದೆ ಎಂಬುದನ್ನು ಹೇಳುವ ಹ್ಯಾಷ್‌ಟ್ಯಾಗ್ ಒಂದನ್ನು ಆರಂಭಿಸಿದರು. ಸಾವಿರಾರು ಹೆಂಗಸರು ಅದರಡಿ ತಮ್ಮ ಕಾರಣಗಳನ್ನು ಬರೆದರು. ಮಕ್ಕಳು, ಹಣ, ಭಯ, ಪ್ರೀತಿ, ದೇವರ ಹೆಸರಿನಲ್ಲಿ ಕೊಟ್ಟ ಮಾತು, ಹೋಗಲು ಜಾಗವಿಲ್ಲದಿರುವುದು. ಪ್ರಸಿದ್ಧರೊಬ್ಬರ ಪ್ರಕರಣ ಸಾಮಾನ್ಯರ ಬಾಯಿ ಬಿಡಿಸಿದ ಅಪರೂಪದ ಸಂದರ್ಭ ಅದು.

ಮಲೆನಾಡಿನಲ್ಲಿ ಅದೇ ಪ್ರಶ್ನೆಗೆ ಉತ್ತರ ಬರೆಯಹೊರಟರೆ ನಕ್ಷೆಯಿಂದಲೇ ಆರಂಭಿಸಬೇಕು. ಇಲ್ಲಿ ಮನೆಗಳು ಬಯಲುಸೀಮೆಯ ಊರಿನಂತೆ ಗೋಡೆಗೆ ಗೋಡೆ ತಾಗಿ ನಿಂತಿಲ್ಲ. ತೋಟದ ತಲೆಗೊಂದು ಮನೆ, ಗುಡ್ಡ ಇಳಿದರೆ ಇನ್ನೊಂದು. ಕೂಗಿದರೆ ಕೇಳುವವರು ಇಲ್ಲ, ಮಳೆಗಾಲದಲ್ಲಂತೂ ಹಂಚಿನ ಮೇಲೆ ಸುರಿಯುವ ನೀರಿನ ಸದ್ದಿಗೆ ಒಳಮನೆಯ ಕೂಗು ಅಂಗಳಕ್ಕೂ ಬರುವುದಿಲ್ಲ. ಶರಾವತಿ ಹಿನ್ನೀರಿನ ಆಚೆಯ ತುಮರಿ ಭಾಗದ ಜನ ಸಾಗರಕ್ಕೆ ಬರಲು 2025ರ ಜುಲೈನಲ್ಲಿ ಸೇತುವೆ ತೆರೆಯುವ ತನಕ ಲಾಂಚನ್ನೇ ನಂಬಿದ್ದರು, ಮತ್ತು ಸಂಜೆ ಕಳೆದ ಮೇಲೆ ಲಾಂಚ್ ಇರುತ್ತಿರಲಿಲ್ಲ. ಹೊಡೆತ ಬೀಳುವುದು ಸಾಮಾನ್ಯವಾಗಿ ಸಂಜೆ ಕಳೆದ ಮೇಲೆಯೇ. 2023ರ ಜೂನ್‌ನಲ್ಲಿ ಬಂದ ಶಕ್ತಿ ಯೋಜನೆ ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ದುಡ್ಡಿನ ಚಿಂತೆ ತಪ್ಪಿಸಿತು, ನಿಜ. ಆದರೆ ಮಲೆನಾಡಿನ ಒಳದಾರಿಗಳಲ್ಲಿ ಓಡುವುದು ಹೆಚ್ಚಾಗಿ ಖಾಸಗಿ ಬಸ್ಸು, ಅದರ ಕಂಡಕ್ಟರ್‌ಗೆ ಊರಿನ ಪ್ರತಿ ಮನೆಯೂ ಪರಿಚಯ, ಯಾರ ಮನೆಯ ಹೆಂಗಸು ಯಾವ ಚೀಲ ಹಿಡಿದು ಎಲ್ಲಿಗೆ ಹೊರಟಳೆಂಬುದು ಮಧ್ಯಾಹ್ನದೊಳಗೆ ಗಂಡನಿಗೆ ತಲುಪುತ್ತದೆ. ಮಹಿಳೆಯರ 181 ಸಹಾಯವಾಣಿಗೆ ಕರೆ ಮಾಡಲು ನೆಟ್‌ವರ್ಕ್ ಸಿಗುವ ದಿಬ್ಬಕ್ಕೆ ಹತ್ತಬೇಕಾದ ಊರುಗಳು ಇನ್ನೂ ಇವೆ.

ಹಣದ ವಿಚಾರ ಇದಕ್ಕಿಂತ ಬಿಗಿ. ಹೊರಗಿನವರ ಕಣ್ಣಿಗೆ ಅಡಿಕೆ ಬೆಳೆಗಾರರ ಮನೆ ಶ್ರೀಮಂತಿಕೆಯ ಇನ್ನೊಂದು ಹೆಸರು. ತೋಟದ ಪಹಣಿ ಮಾವನ ಹೆಸರಿನಲ್ಲೋ ಗಂಡನ ಹೆಸರಿನಲ್ಲೋ ಇರುತ್ತದೆ, ಅಡಿಕೆ ಮಂಡಿಗೋ ಬೆಳೆಗಾರರ ಮಾರಾಟ ಸಹಕಾರ ಸಂಘವಾದ ಮ್ಯಾಮ್ಕೋಸ್‌ಗೋ ಹೋದರೆ ದುಡ್ಡು ಅವರ ಖಾತೆಗೆ ಬರುತ್ತದೆ, ಸಾಲವೂ ಅವರದೇ ಹೆಸರಿನಲ್ಲಿ. ಸುಲಿಯುವುದು, ಬೇಯಿಸುವುದು, ಹರಗುವುದು, ಆಳುಗಳಿಗೆ ಅಡುಗೆ ಮಾಡುವುದು ಎಲ್ಲದರಲ್ಲೂ ಕೈ ಜೋಡಿಸಿದ ಹೆಂಡತಿಯ ಬಳಿ ವಕೀಲರ ಮೊದಲ ಶುಲ್ಕಕ್ಕೂ ನಗದು ಇರುವುದಿಲ್ಲ. ಪ್ರಸಿದ್ಧ ನಟನ ಹೆಂಡತಿಗೆ ಕಾರಿದೆ, ಪರಿಚಯದ ವಕೀಲರಿದ್ದಾರೆ, ಮೈಕು ಹಿಡಿದು ನಿಂತ ವರದಿಗಾರರಿದ್ದಾರೆ; ಅಷ್ಟಿದ್ದೂ ಆಕೆ ವರ್ಷಗಟ್ಟಲೆ ಸುಮ್ಮನಿದ್ದಳೆಂದರೆ ಅದು ಆಕೆಯ ಮಾತನ್ನು ಅನುಮಾನಿಸಲು ಕಾರಣವಾಗುವುದಕ್ಕಿಂತ, ಇವೆಲ್ಲ ಇಲ್ಲದವರ ಮೌನ ಎಷ್ಟು ಆಳವಿರಬಹುದೆಂದು ಊಹಿಸಲು ಕಾರಣವಾಗಬೇಕಿತ್ತು. ಮೇಲೆ ಹೇಳಿದ ಸಮೀಕ್ಷೆಯೇ ದೇಶದ ಮಟ್ಟದಲ್ಲಿ ಅದನ್ನು ಅಳೆದಿದೆ: ದೈಹಿಕ ಅಥವಾ ಲೈಂಗಿಕ ಹಿಂಸೆ ಅನುಭವಿಸಿದ ಮಹಿಳೆಯರಲ್ಲಿ ಸಹಾಯ ಕೇಳಿದವರು ಶೇ 14, ಯಾರಿಗೂ ಹೇಳದೆಯೇ ಇದ್ದವರು ಶೇ 77.

ಸಾಕ್ಷ್ಯದ ಬಗೆಗಿನ ನಮ್ಮ ಹಟವನ್ನೂ ಇಲ್ಲಿಟ್ಟು ನೋಡಬೇಕು. ಅಮೆರಿಕದ ಸಂಗೀತೋದ್ಯಮಿ ಶಾನ್ ಕೋಂಬ್ಸ್ ವಿರುದ್ಧ ಗಾಯಕಿ ಕ್ಯಾಸಿ ವೆಂಟುರಾ 2023ರ ನವೆಂಬರ್‌ನಲ್ಲಿ ದಾವೆ ಹೂಡಿದಾಗ ಕೋಂಬ್ಸ್ ಕಡೆಯವರು ಆರೋಪಗಳನ್ನು ಅಲ್ಲಗಳೆದರು. 2024ರ ಮೇ ತಿಂಗಳಲ್ಲಿ ಹೋಟೆಲಿನ ಪಡಸಾಲೆಯ ಕ್ಯಾಮೆರಾದ ದೃಶ್ಯವನ್ನು ಸುದ್ದಿವಾಹಿನಿಯೊಂದು ಪ್ರಸಾರ ಮಾಡಿದ ಮೇಲೆ ಕೋಂಬ್ಸ್ ಕ್ಷಮೆ ಕೇಳಿದರು. ಜನ ನಂಬಿದ್ದು ದೃಶ್ಯ ಕಂಡ ಮೇಲೆಯೇ. ಜಗುಲಿಯ ಒಳಗೆ, ಬಚ್ಚಲ ಒಲೆಯ ಪಕ್ಕ, ಕೊಟ್ಟಿಗೆಯ ಕತ್ತಲಲ್ಲಿ ಕ್ಯಾಮೆರಾ ಇರುವುದಿಲ್ಲ.

2022ರಲ್ಲಿ ನಟ ಜಾನಿ ಡೆಪ್ ಮತ್ತು ಆಂಬರ್ ಹರ್ಡ್ ನಡುವಿನ ಮಾನಹಾನಿ ವಿಚಾರಣೆ ವರ್ಜೀನಿಯಾದಲ್ಲಿ ವಾರಗಟ್ಟಲೆ ನೇರಪ್ರಸಾರವಾಗಿ, ಅದರ ತುಣುಕುಗಳು ಶಿವಮೊಗ್ಗದ ಕಾಲೇಜು ಹುಡುಗರ ಫೋನಿಗೂ ಬಂದವು. ಭಾರತದಲ್ಲಿ 2020ರ ಜೂನ್‌ನಿಂದ ಟಿಕ್‌ಟಾಕ್ ನಿಷೇಧವಾಗಿದ್ದರೂ ರೀಲ್ಸ್ ಮತ್ತು ಶಾರ್ಟ್ಸ್ ಆ ಕೊರತೆಯನ್ನು ತುಂಬಿದ್ದವು. ಹರ್ಡ್ ಅಳುವ ಮುಖವನ್ನು ಅಣಕಿಸುವ ವಿಡಿಯೊಗಳಿಗೆ ಭಾಷೆಯ ಅಗತ್ಯವೇ ಇರಲಿಲ್ಲ. ತೀರ್ಪುಗಾರರು ಡೆಪ್ ಪರವಾಗಿ ಒಂದು ಕೋಟಿ ಡಾಲರ್ ಪರಿಹಾರ ಮತ್ತು ಅದರ ಮೇಲೆ ದಂಡರೂಪದ ಮೊತ್ತವನ್ನು, ಹರ್ಡ್ ಪರವಾಗಿ ಇಪ್ಪತ್ತು ಲಕ್ಷ ಡಾಲರ್ ಪರಿಹಾರವನ್ನು ಘೋಷಿಸಿದ ಸುದ್ದಿ ಇಲ್ಲಿಗೆ ತಲುಪುವಷ್ಟರಲ್ಲಿ ‘ಅವಳು ಸುಳ್ಳಿ’ ಎಂಬ ಒಂದೇ ಮಾತಾಗಿ ಕುಗ್ಗಿತ್ತು. ಅದಕ್ಕೆ ಒಂದೂವರೆ ವರ್ಷ ಮೊದಲು, 2020ರ ನವೆಂಬರ್‌ನಲ್ಲಿ, ಅದೇ ದಂಪತಿಯ ಅದೇ ಘಟನೆಗಳನ್ನು ಪರಿಶೀಲಿಸಿದ ಲಂಡನ್ನಿನ ಹೈಕೋರ್ಟ್, ಡೆಪ್ ಅವರನ್ನು ಹೆಂಡತಿಗೆ ಹೊಡೆಯುವವನೆಂದು ಪತ್ರಿಕೆಯೊಂದು ಬರೆದದ್ದು ಬಹುಮಟ್ಟಿಗೆ ನಿಜವೆಂದೂ, ಆರೋಪಿಸಲಾದ 14 ಘಟನೆಗಳಲ್ಲಿ 12 ಸಾಬೀತಾಗಿವೆಯೆಂದೂ ಹೇಳಿತ್ತು. ಒಂದು ಕಡೆ ನ್ಯಾಯಾಧೀಶರೊಬ್ಬರ ತೀರ್ಪು, ಇನ್ನೊಂದು ಕಡೆ ಜ್ಯೂರಿಯ ತೀರ್ಪು. ಪ್ರತಿವಾದಿಗಳೂ ಕಾನೂನೂ ಬೇರೆ. ಈ ಜಟಿಲತೆಗೆ ಮೂವತ್ತು ಸೆಕೆಂಡಿನ ವಿಡಿಯೊದಲ್ಲಿ ಜಾಗವಿರಲಿಲ್ಲ.

ಗಂಡಸರ ಮೇಲೂ ಹಿಂಸೆ ನಡೆಯುತ್ತದೆ ಎಂಬುದನ್ನು ಆ ಪ್ರಕರಣ ಚರ್ಚೆಗೆ ತಂದಿತು, ಅದು ಸಲ್ಲಬೇಕಾದ ಮಾತೇ. ಕೌಟುಂಬಿಕ ಹಿಂಸೆಯಿಂದ ಮಹಿಳೆಯರನ್ನು ರಕ್ಷಿಸಲು ಬಂದ ನಮ್ಮ 2005ರ ಕಾಯ್ದೆಯಲ್ಲಿ ಗಂಡನಿಗೆ ದೂರುದಾರನ ಸ್ಥಾನವಿಲ್ಲದಿರುವ ಬಗ್ಗೆ ಪ್ರತ್ಯೇಕ ಚರ್ಚೆಯಾಗಲಿ. ನನ್ನ ಆಕ್ಷೇಪ ಬೇರೆ. ಆ ಪ್ರಕರಣದಿಂದ ಎತ್ತಿದ ‘ಸುಳ್ಳಿ’ ಎಂಬ ಹಣೆಪಟ್ಟಿಯನ್ನು ಈಗ ಯಾರ ಹಣೆಗೆ ಬೇಕಾದರೂ ಅಂಟಿಸಲಾಗುತ್ತಿದೆ. ಬೆಂಗಳೂರಿನಲ್ಲಿ 2024ರ ಡಿಸೆಂಬರ್‌ನಲ್ಲಿ ತಂತ್ರಜ್ಞರೊಬ್ಬರು ಪತ್ನಿಯ ಮೇಲೆ ಕಿರುಕುಳದ ಆರೋಪ ಹೊರಿಸಿ ಆತ್ಮಹತ್ಯೆ ಮಾಡಿಕೊಂಡ ಬಳಿಕವಂತೂ, ವೈವಾಹಿಕ ದೂರುಗಳೆಲ್ಲ ಹಣ ಕೀಳುವ ಉಪಾಯ ಎಂಬ ಮಾತು ಬಸ್ ನಿಲ್ದಾಣದ ಹರಟೆಯಲ್ಲೂ ಸಾಮಾನ್ಯವಾಯಿತು. ಕಾನೂನಿನ ದುರುಪಯೋಗದ ಬಗ್ಗೆ ಸುಪ್ರೀಂ ಕೋರ್ಟ್ ಪದೇ ಪದೇ ಎಚ್ಚರಿಸಿರುವುದು ನಿಜ. ಹೆಂಡತಿಯ ಮೇಲೆ ಗಂಡ ಮತ್ತು ಅವನ ಬಂಧುಗಳು ನಡೆಸುವ ಕ್ರೌರ್ಯವನ್ನು ಶಿಕ್ಷಿಸಲು 1983ರಲ್ಲಿ ದಂಡಸಂಹಿತೆಗೆ ಸೇರಿದ 498ಎ ಕಲಮಿನಡಿ ಯಾಂತ್ರಿಕವಾಗಿ ಬಂಧಿಸಬಾರದೆಂದು 2014ರ ಅರ್ನೇಶ್ ಕುಮಾರ್ ತೀರ್ಪಿನಲ್ಲಿ ಅದು ಪೊಲೀಸರಿಗೆ ಸ್ಪಷ್ಟ ಸೂಚನೆಗಳನ್ನು ಕೊಟ್ಟಿತು. ಆ ಕಲಮು ಈಗ ಭಾರತೀಯ ನ್ಯಾಯ ಸಂಹಿತೆಯ 85ರಲ್ಲಿದೆ, ಆ ಸೂಚನೆಗಳೂ ಜಾರಿಯಲ್ಲಿವೆ. ಆರೋಪಿಗೆ ರಕ್ಷಣೆ ಇಲ್ಲವೆಂಬಂತೆ ಮಾತನಾಡುವವರು ಹನ್ನೆರಡು ವರ್ಷಗಳಷ್ಟು ಹಿಂದಿದ್ದಾರೆ.

ದೂರು ಹಿಂತೆಗೆದುಕೊಂಡರೆ ಅದು ಸುಳ್ಳಾಗಿತ್ತು ಎಂಬ ತರ್ಕವಂತೂ ಇನ್ನೂ ದುರ್ಬಲ. 498ಎ ಅಪರಾಧವನ್ನು ಕಕ್ಷಿದಾರರು ತಾವೇ ರಾಜಿ ಮಾಡಿಕೊಂಡು ಮುಗಿಸುವಂತಿರಲಿಲ್ಲ. ವೈವಾಹಿಕ ವ್ಯಾಜ್ಯಗಳಲ್ಲಿ ಒಪ್ಪಂದವಾದರೆ ಹೈಕೋರ್ಟ್ ಪ್ರಕರಣವನ್ನು ರದ್ದುಪಡಿಸಬಹುದೆಂದು 2003ರಲ್ಲಿ ಬಿ.ಎಸ್. ಜೋಶಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ದಾರಿ ತೆರೆಯಿತು. ಆ ದಾರಿಯಲ್ಲಿ ಹೋದ ಪ್ರಕರಣಗಳಲ್ಲಿ ನಡೆದದ್ದೆಲ್ಲ ನಿಜವೇ ಆಗಿರಬಹುದು, ಆದರೂ ಮಗಳ ಮದುವೆ, ಮಗನ ಓದು, ತವರಿನಲ್ಲಿ ತಮ್ಮನ ಹೆಂಡತಿಯ ಮುಖ ನೋಡಿಕೊಂಡು ಎಷ್ಟು ದಿನ ಇರುವುದೆಂಬ ಸಂಕಟ ರಾಜಿಗೆ ಸಹಿ ಹಾಕಿಸಿರಬಹುದು. ಇದನ್ನು ನಮ್ಮೂರಿನ ಯಾವ ವಕೀಲರನ್ನು ಕೇಳಿದರೂ ಹೇಳುತ್ತಾರೆ. ತಾರೆಯ ಪತ್ನಿ ರಾಜಿಯಾದಾಗ ‘ನೋಡಿದ್ರಾ, ಎಲ್ಲ ನಾಟಕ’ ಎಂದು ನಗುವವರು ಮಾತ್ರ ಇದನ್ನು ಯಾರಲ್ಲೂ ಕೇಳುವುದಿಲ್ಲ.

ದೃಶ್ಯಮಾಧ್ಯಮದ ಬಗ್ಗೆ ಹೆಚ್ಚು ಬರೆಯುವ ಅಗತ್ಯ ಕಾಣುತ್ತಿಲ್ಲ. ಗಂಡನ ಜಾತಕ, ಹೆಂಡತಿಯ ಹಳೆಯ ಫೋಟೊ, ‘ಸಂಸಾರದಲ್ಲಿ ಬಿರುಗಾಳಿ’ ಎಂಬ ಶೀರ್ಷಿಕೆ, ಹಿನ್ನೆಲೆಗೆ ವಿಷಾದದ ವೀಣೆ. ಕಾನೂನು ಹೇಳುವ ಮರ್ಯಾದೆ ಇದಕ್ಕೆ ತದ್ವಿರುದ್ಧ: 2005ರ ಕಾಯ್ದೆಯ 16ನೆಯ ಕಲಮಿನ ಪ್ರಕಾರ ಕಕ್ಷಿದಾರರಲ್ಲಿ ಒಬ್ಬರು ಬಯಸಿದರೂ ವಿಚಾರಣೆಯನ್ನು ಮುಚ್ಚಿದ ಬಾಗಿಲಿನೊಳಗೆ ನಡೆಸಬಹುದು. ಗಂಟೆಗಟ್ಟಲೆ ನಡೆಯುವ ಚರ್ಚೆಯ ನಡುವೆ, ಪರದೆಯ ಕೆಳಗಿನ ಪಟ್ಟಿಯಲ್ಲಿ ಬಂಗಾರದ ದರ ಓಡುವ ಜಾಗದಲ್ಲಿ, ಒಂದು ಸಲ 181 ಎಂದು ತೋರಿಸಿದರೆ ಯಾವ ವಾಹಿನಿಗೂ ನಷ್ಟವಿಲ್ಲ.

ಸಾರ್ವಜನಿಕ ಕುತೂಹಲ ಎಲ್ಲ ಕಾಲಕ್ಕೂ ಕೇಡನ್ನೇ ಮಾಡುತ್ತದೆಂದು ನಾನು ನಂಬಿಲ್ಲ. ಫುಟ್‌ಬಾಲ್ ತಾರೆ ಒ.ಜೆ. ಸಿಂಪ್ಸನ್ 1989ರಲ್ಲಿಯೇ ಪತ್ನಿ ನಿಕೋಲ್ ಬ್ರೌನ್ ಮೇಲಿನ ಹಲ್ಲೆಯ ಆರೋಪವನ್ನು ನ್ಯಾಯಾಲಯದಲ್ಲಿ ವಿರೋಧಿಸದೆ ಒಪ್ಪಿಕೊಂಡಿದ್ದರು, ಆಗ ಅದು ಯಾರಿಗೂ ದೊಡ್ಡ ಸಂಗತಿ ಎನಿಸಲಿಲ್ಲ. 1994ರಲ್ಲಿ ನಿಕೋಲ್ ಕೊಲೆಯಾದ ಮೇಲೆ ಆ ಹಳೆಯ ದಾಖಲೆ ಮನೆಮನೆಯ ಮಾತಾಯಿತು. ಸಿಂಪ್ಸನ್ ಕೊಲೆ ಆರೋಪದಿಂದ ಖುಲಾಸೆಯಾದರೂ, ಮನೆಯೊಳಗಿನ ಹಿಂಸೆ ಪೊಲೀಸರ ಕೆಲಸವೆಂಬ ಅರಿವು ಆ ಅವಧಿಯಲ್ಲಿ ಬೆಳೆಯಿತು. ಮಹಿಳೆಯರ ಮೇಲಿನ ದೌರ್ಜನ್ಯ ಕುರಿತ ಅಮೆರಿಕದ ಒಕ್ಕೂಟ ಕಾಯ್ದೆಗೆ ಸಹಿ ಬಿದ್ದದ್ದು ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ, ರಾಷ್ಟ್ರಮಟ್ಟದ ಸಹಾಯವಾಣಿ ಆರಂಭವಾದದ್ದು 1996ರಲ್ಲಿ. ಕಾಯ್ದೆಯ ಹಿಂದೆ ವರ್ಷಗಳ ಹೋರಾಟವಿತ್ತು, ತಾರೆಯ ಪ್ರಕರಣ ಅದಕ್ಕೆ ಕಿವಿಗಳನ್ನು ಒದಗಿಸಿತು. ನಮ್ಮಲ್ಲಿ 2011ರ ಪ್ರಕರಣ ಅಂಥ ಯಾವುದನ್ನೂ ಒದಗಿಸಲಿಲ್ಲ, ಒಂದು ಯಶಸ್ವಿ ಚಿತ್ರವನ್ನು ಹೊರತು. ಹಾಗೆ ನೋಡಿದರೆ, ಅರಸ ಕೌಶಿಕನ ಅರಮನೆಯನ್ನು ತೊರೆದು ನಡೆದಳೆಂದು ಪರಂಪರೆ ಹೇಳುವ ಅಕ್ಕಮಹಾದೇವಿಯ ಊರು ಉಡುತಡಿ ಇರುವುದು ನಮ್ಮದೇ ಜಿಲ್ಲೆಯ ಶಿಕಾರಿಪುರ ತಾಲ್ಲೂಕಿನಲ್ಲಿ. ಅಕ್ಕನಿಗೆ ಕೈಮುಗಿಯುವವರೇ, ಮನೆ ಬಿಟ್ಟು ಬಂದ ಪಕ್ಕದ ಕೇರಿಯ ಹೆಂಗಸನ್ನು ಹೊಂದಿಕೊಂಡು ಹೋಗಲು ಬಾರದವಳು ಎನ್ನುತ್ತಾರೆ.

ಮಾತಿಗಿಂತ ಮುಂದೆ ಹೋಗಬಯಸುವವರಿಗೆ 2006ರ ಅಕ್ಟೋಬರ್ 26ರಿಂದ ಜಾರಿಯಲ್ಲಿರುವ ನಮ್ಮ 2005ರ ಕಾಯ್ದೆಯಲ್ಲಿ ಮಲೆನಾಡಿಗೆಂದೇ ಬರೆದಂತಿರುವ ಎರಡು ಸಂಗತಿಗಳಿವೆ. ಮೊದಲನೆಯದು ಮನೆಯದು. ಮನೆ ಮಾವನ ಹೆಸರಿನಲ್ಲಿದೆ, ಆದ್ದರಿಂದ ಸೊಸೆಗೆ ಅಲ್ಲಿರುವ ಹಕ್ಕಿಲ್ಲ ಎಂಬ ವಾದವನ್ನು 2020ರ ಅಕ್ಟೋಬರ್‌ನಲ್ಲಿ ಸತೀಶ್ ಚಂದರ್ ಅಹುಜಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ತಿರಸ್ಕರಿಸಿತು; ಗಂಡನ ಬಂಧುಗಳ ಒಡೆತನದ ಮನೆಯಾದರೂ ಆಕೆ ಅಲ್ಲಿ ಸಂಸಾರ ಹೂಡಿ ಬಾಳಿದ್ದರೆ ವಾಸದ ಹಕ್ಕನ್ನು ಕೇಳಬಹುದು. ಪಹಣಿಯಲ್ಲಿ ಹೆಸರಿಲ್ಲದವಳನ್ನು ‘ನಡಿ ನಿನ್ನ ತವರಿಗೆ’ ಎಂದು ಅಂಗಳಕ್ಕೆ ತಳ್ಳುವ ಅಧಿಕಾರ ಯಾರಿಗೂ ಇಲ್ಲವೆಂಬುದು ಅವಿಭಕ್ತ ಕುಟುಂಬದ ತೋಟದ ಮನೆಗಳಲ್ಲಿ ಎಷ್ಟು ಜನಕ್ಕೆ ತಿಳಿದಿದೆಯೋ. ಕಾಯ್ದೆ ಹಿಂಸೆಯೆಂದು ಹೆಸರಿಸುವುದು ಹೊಡೆತವನ್ನಷ್ಟೇ ಅಲ್ಲ. ಬೈಗುಳ, ಅವಮಾನ, ಲೈಂಗಿಕ ಬಲವಂತ, ಖರ್ಚಿಗೆ ಕೊಡದಿರುವುದು, ಆಕೆಯ ಒಡವೆಯನ್ನು ಅಡವಿಡುವುದು ಎಲ್ಲವೂ ಅದರೊಳಗೆ ಬರುತ್ತವೆ.

ಎರಡನೆಯದು 4ನೆಯ ಕಲಮು. ಹಿಂಸೆ ನಡೆದಿದೆ, ನಡೆಯುತ್ತಿದೆ ಅಥವಾ ನಡೆಯಬಹುದೆಂದು ನಂಬಲು ಕಾರಣವಿರುವ ಯಾರೇ ಆದರೂ ಸಂರಕ್ಷಣಾಧಿಕಾರಿಗೆ ಮಾಹಿತಿ ಕೊಡಬಹುದು, ಸದುದ್ದೇಶದಿಂದ ಕೊಟ್ಟ ಮಾಹಿತಿಗೆ ಅವರ ಮೇಲೆ ಯಾವ ಹೊಣೆಯೂ ಬರುವುದಿಲ್ಲ. ಗಂಡ ಹೆಂಡಿರ ನಡುವೆ ನಾವ್ಯಾಕೆ ಬಾಯಿ ಹಾಕೋದು ಎಂಬ ಹಿಂಜರಿಕೆಗೆ ಶಾಸನವೇ ಬರೆದಿಟ್ಟ ಉತ್ತರ ಇದು. ಮನೆಗಳು ದೂರ ದೂರವಿರುವ ಸೀಮೆಯಲ್ಲಿ ಅಂಥ ಮಾಹಿತಿ ಇರುವವರು ಬೆರಳೆಣಿಕೆಯ ಮಂದಿ: ಬಾಣಂತಿಯನ್ನು ನೋಡಲು ಬರುವ ಆಶಾ ಕಾರ್ಯಕರ್ತೆ, ಹಾಲು ಡೇರಿಯ ಕಾರ್ಯದರ್ಶಿ, ಸ್ತ್ರೀಶಕ್ತಿ ಸಂಘದ ಪ್ರತಿನಿಧಿ, ಕೊನೆ ತೆಗೆಯಲು ಬಂದ ಕೊನೆಗಾರ. ಅರ್ಜಿ ಸಲ್ಲಿಕೆಯಾದರೆ ಮೂರು ದಿನದೊಳಗೆ ಮೊದಲ ವಿಚಾರಣೆಗೆ ದಿನ ನಿಗದಿಪಡಿಸಬೇಕು, 60 ದಿನದಲ್ಲಿ ಇತ್ಯರ್ಥಗೊಳಿಸಲು ಪ್ರಯತ್ನಿಸಬೇಕು ಎನ್ನುತ್ತದೆ ಕಾಯ್ದೆ. ಆ ವೇಗ ನಮ್ಮ ನ್ಯಾಯಾಲಯಗಳಲ್ಲಿ ಅಪರೂಪವೆಂಬುದನ್ನೂ ಹೇಳಬೇಕು. ಕರ್ನಾಟಕದಲ್ಲಿ ತಾಲ್ಲೂಕು ಮಟ್ಟದ ಸಂರಕ್ಷಣಾಧಿಕಾರಿ ಎಂದರೆ ಶಿಶು ಅಭಿವೃದ್ಧಿ ಯೋಜನಾಧಿಕಾರಿ, ಅಂಗನವಾಡಿಗಳ ಪೌಷ್ಟಿಕ ಆಹಾರದಿಂದ ಹಿಡಿದು ಹತ್ತಾರು ಯೋಜನೆಗಳ ಭಾರ ಹೊತ್ತವರು, ಅದರ ಮೇಲೆ ಈ ಹೊಣೆ. ನಟರ ಸಂಸಾರದ ಪ್ರತಿಯೊಂದು ತಿರುವನ್ನೂ ಬಲ್ಲ ನಮ್ಮ ಹಳ್ಳಿಗಳಲ್ಲಿ ಆ ಅಧಿಕಾರಿ ಯಾರೆಂದು ವಿಚಾರಿಸಿದರೆ ಅಂಗನವಾಡಿ ಕಾರ್ಯಕರ್ತೆಗೆ ಗೊತ್ತಿದ್ದೀತು, ಅದೂ ತನ್ನ ಮೇಲಧಿಕಾರಿಯಾಗಿ.